ಬ್ಯಾಕ್ಟೀರಿಯಾಗೆ ನೆಲೆ ಕೊಡದ ಮೇಲ್ಮೈಗಳು

ಎರಡು ಮೂರು ದಿನ ತೊಳೆಯದ ನೀರಿನ ಬಿಂದಿಗೆಯ ಒಳಮೈ ಸವರಿದರೆ ಬೆರಳಿಗೆ ಲೋಳೆ ತಾಗುತ್ತದೆ. ಅದು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ನೆಲೆ, ಹೆಸರು ಬಯೋಫಿಲ್ಮ್. ಮೊದಲು ಕೆಲವೇ ಕೆಲವು ಅಂಟಿಕೊಳ್ಳುತ್ತವೆ. ಸಂಖ್ಯೆ ಬೆಳೆದಂತೆ ಅಂಟು ಸ್ರವಿಸಿ ಅದರೊಳಗೆ ಅಡಗುತ್ತವೆ. ಆ ಅಂಟನ್ನು ದಾಟಿ ಒಳಗಿನವನ್ನು ಕೊಲ್ಲುವುದು ಔಷಧಕ್ಕೆ ಕಷ್ಟ. ಮೂತ್ರದ ಕ್ಯಾತಿಟರ್ ಅಥವಾ ಕೃತಕ ಮಂಡಿಕೀಲಿನ ಮೇಲೆ ಇದೇ ಲೋಳೆ ಬೆಳೆದರೆ ಎಷ್ಟೋ ಸಲ ಸಾಧನವನ್ನೇ ಹೊರತೆಗೆಯಬೇಕಾಗುತ್ತದೆ. ಆದ್ದರಿಂದ ಅಂಟುವ ಹೊತ್ತಿನಲ್ಲೇ ತಡೆಯಬೇಕು.

ಕೆಲವು ಲೋಹಗಳಿಗೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಮೊದಲಿನಿಂದಲೂ ಇದೆ. ತಾಮ್ರದ ಕೊಡ, ಚೊಂಬುಗಳು ನೀರಿಗೆ ಬಿಡುವ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಬೆಳ್ಳಿಯದೂ ಇದೇ ಬಗೆ; ಕಣಗಳು ನ್ಯಾನೋಮೀಟರ್ ಅಳತೆಗೆ ಇಳಿದರೆ ಅದರ ಶಕ್ತಿ ಹೆಚ್ಚುತ್ತದೆ. ನ್ಯಾನೋಮೀಟರ್ ಎಂದರೆ ಮೀಟರಿನ 100 ಕೋಟಿಯಲ್ಲಿ ಒಂದು ಪಾಲು. ಬ್ಯಾಕ್ಟೀರಿಯಾದ ಅಗಲ ಸುಮಾರು 1,000 ನ್ಯಾನೋಮೀಟರ್. ಬೆಳ್ಳಿಯನ್ನು ನ್ಯಾನೋ ಕಣಗಳಾಗಿಸಿದಾಗ ಅಷ್ಟೇ ತೂಕಕ್ಕೆ ಹೊರಮೈ ಬಹಳಷ್ಟು ಹಿಗ್ಗಿ, ಅಯಾನುಗಳು ಹೆಚ್ಚು ಹೊರಬರುತ್ತವೆ.

ಇಂಥ ಕಣಗಳಿಗೆ ಜೆಂಟಾಮೈಸಿನ್, ವ್ಯಾಂಕೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಲೇಪಿಸಿದರೆ ಔಷಧ ಬೇಕಾದ ಜಾಗದಲ್ಲೇ ನಿಧಾನವಾಗಿ ಒಸರುತ್ತದೆ. ಆದರೆ ಒಸರುವುದು ಒಂದು ದಿನ ಬತ್ತುತ್ತದೆ. ಕೊನೆಗಾಲದ ಅರೆಬರೆ ಪ್ರಮಾಣದಲ್ಲಿ ಬದುಕುಳಿದವು ಔಷಧಕ್ಕೆ ಬಗ್ಗದ ತಳಿಗಳಾಗುವ ಅಪಾಯವಿದೆ.

ಈ ಅಪಾಯ ತಪ್ಪಿಸುವ ದಾರಿಗಳನ್ನು ಬೆಂಗಳೂರಿನಲ್ಲೇ ಹುಡುಕಲಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡ ರೂಪಿಸಿದ ಲೇಪನ ಅತಿನೇರಳೆ ಬೆಳಕು ಬಿದ್ದೊಡನೆ ಬಟ್ಟೆ, ಪ್ಲಾಸ್ಟಿಕ್‌ಗಳಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದರಿಂದ ಏನೂ ಒಸರುವುದಿಲ್ಲ. ಅದರ ಧನ ವಿದ್ಯುದಂಶ, ಋಣ ವಿದ್ಯುದಂಶವುಳ್ಳ ಬ್ಯಾಕ್ಟೀರಿಯಾದ ಪೊರೆಯನ್ನು ಹಿಡಿದು ಹರಿಯುತ್ತದೆ.

ಇನ್ನೊಂದು ದಾರಿ ಕೀಟದ ರೆಕ್ಕೆಯಿಂದ ಬಂದದ್ದು. ಸಿಕಾಡ ಎಂಬ ಜೀರುಂಡೆಯ ರೆಕ್ಕೆಯ ಮೇಲೆ ಸುಮಾರು 200 ನ್ಯಾನೋಮೀಟರ್ ಎತ್ತರದ ಮೊನೆಗಳಿದ್ದು, ಮೇಲೆ ಕೂತ ಬ್ಯಾಕ್ಟೀರಿಯಾವನ್ನು ಅವು ಸೀಳುತ್ತವೆಂದು 2012ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಟೈಟೇನಿಯಂ ಲೋಹವನ್ನು ಕೊರೆದು ಇಂಥದೇ ಮೊನೆಗಳನ್ನು ಮೂಡಿಸಿತು. 2017ರಲ್ಲಿ ಅದರ ವರದಿ ಪ್ರಕಟವಾಯಿತು. ಕೋಶಭಿತ್ತಿ ದಪ್ಪವಾಗಿರುವ ಸ್ಟಫೈಲೊಕಾಕಸ್‌ನಂಥವು ಮಾತ್ರ ಮೊನೆಗಳಿಗೆ ಸುಲಭವಾಗಿ ಸಾಯಲಿಲ್ಲ.

ಯಾವ ಮೇಲ್ಮೈಯಾದರೂ ಕೊಳೆ ಕೂತರೆ ಅದರ ಶಕ್ತಿ ಮುಚ್ಚಿಹೋಗುತ್ತದೆ. ಲೇಪನ ಎಷ್ಟೇ ಸುಧಾರಿಸಿದರೂ ಬಿಂದಿಗೆ ತಿಕ್ಕುವ, ಕೈ ತೊಳೆಯುವ ರೂಢಿಯನ್ನು ಬಿಡುವಂತಿಲ್ಲ.