ಸಾಯದ ಜೇನಿಗೂ ಕರುಳಲ್ಲಿ ಗಾಯ

ಔಷಧಿ ಹೊಡೆದ ಮರುದಿನ ಪೆಟ್ಟಿಗೆಯ ಮುಂದೆ ಸತ್ತ ಹುಳುಗಳು ಕಾಣದಿದ್ದರೆ ಜೇನಿಗೆ ಏನೂ ಆಗಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಕೀಟನಾಶಕ ನರಗಳಿಗೆ ಹೊಡೆಯುವ ವಿಷ, ತಾಗಿದರೆ ಹುಳು ಸಾಯಬೇಕು, ಸಾಯದಿದ್ದರೆ ತಾಗಿಲ್ಲ ಎಂಬುದು ಲೆಕ್ಕ. ಈ ಲೆಕ್ಕದಲ್ಲಿ ಜೇನಿನ ಕರುಳು ಬಿಟ್ಟುಹೋಗಿದೆ.

ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ನರವಿಷ ಹೌದು. ಸುಮಾರು 4 ನ್ಯಾನೋಗ್ರಾಂ ಹೊಟ್ಟೆ ಸೇರಿದರೆ ಅರ್ಧದಷ್ಟು ಹುಳುಗಳು ಸಾಯುತ್ತವೆ. ಅದಕ್ಕಿಂತ ಕಡಿಮೆ ತಿಂದು ಬದುಕುಳಿದವುಗಳ ಕಥೆಯೇ ಬೇರೆ. ಪರಾಗ ಜೀರ್ಣವಾಗುವುದು ಮಧ್ಯಕರುಳಿನಲ್ಲಿ. ಅದರ ಒಳಗೋಡೆ ಒಂದೇ ಪದರದ ಜೀವಕೋಶಗಳದ್ದು. ಸವೆದ ಕೋಶಗಳ ಜಾಗ ತುಂಬಲು ಬುಡದಲ್ಲಿ ಮರುಹುಟ್ಟಿನ ಕೋಶಗಳ ಗುಂಪುಗಳಿವೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಫಿಪ್ರೊನಿಲ್ ತಿನ್ನಿಸಿದ ಜೇನುಗಳನ್ನು ಬ್ರೆಜಿಲ್‌ನ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳ ಒಳಗೆ ಪೊಳ್ಳು ಗುಳ್ಳೆಗಳು, ಮುದುಡಿದ ಕೋಶಕೇಂದ್ರಗಳು, ಸಾಯುತ್ತಿರುವ ಕೋಶಗಳು ಕಂಡವು. ಮರಿಗಳಿಗೆ ಆಹಾರ ಸ್ರವಿಸುವ ದಾದಿ ಜೇನುಗಳು ಪರಾಗವನ್ನೇ ನೆಚ್ಚಿಕೊಂಡಿರುವುದರಿಂದ ಕರುಳು ಕೆಟ್ಟರೆ ಕಷ್ಟ ಮರಿಗಳವರೆಗೂ ಹೋಗಬಹುದು. ನೊಸಿಮಾ ಎಂಬ ಪರಾವಲಂಬಿ ಬೆಳೆಯುವುದೂ ಮಧ್ಯಕರುಳಿನ ಈ ಕೋಶಗಳಲ್ಲೇ. ಅದರ ಜೊತೆ ಇಮಿಡಾಕ್ಲೋಪ್ರಿಡ್ ಸೇರಿದರೆ ಸಾವು ಹೆಚ್ಚುತ್ತದೆ ಎಂದು ಫ್ರಾನ್ಸ್‌ನ 2010ರ ಅಧ್ಯಯನ ತೋರಿಸಿತು.

ಮಕರಂದವೆಲ್ಲ ಹುಳುವಿನ ಹೊಟ್ಟೆಯೊಳಗಿನ ಜೇನುಚೀಲದಲ್ಲೇ ಉಳಿಯುತ್ತದೆ, ಕರುಳಿಗೆ ಇಳಿಯುವುದಿಲ್ಲ ಎನ್ನುವವರೂ ಇದ್ದಾರೆ. ಇದು ಅರ್ಧ ಸತ್ಯ. ಚೀಲಕ್ಕೂ ಮಧ್ಯಕರುಳಿಗೂ ನಡುವೆ ಕವಾಟವಿದೆ, ಆದರೆ ಹಾರಲು ಬೇಕಾದ ಸಕ್ಕರೆಗಾಗಿ ಹುಳು ಅದನ್ನು ತೆರೆಯಲೇಬೇಕು.

ವಾಸನೆ ಹಿಡಿದು ಜೇನು ವಿಷದಿಂದ ದೂರ ಉಳಿಯುತ್ತದೆ ಎಂಬುದಂತೂ ಸುಳ್ಳು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜೇನುಗಳು ಇಮಿಡಾಕ್ಲೋಪ್ರಿಡ್ ಬೆರೆಸಿದ ಸಕ್ಕರೆ ನೀರನ್ನು ಬಿಡಲಿಲ್ಲ, ಅದನ್ನೇ ಹೆಚ್ಚು ಕುಡಿದವು.

ಸಂಜೆ ಹೊಡೆದರೆ ಸಾಕೇ? ಹಾರಾಡುವ ಹುಳುವಿನ ಮೈಗೆ ನೇರವಾಗಿ ಬೀಳುವುದು ತಪ್ಪುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಗಿಡದೊಳಗೆ ಹರಡುವ ಅಂತರ್ವ್ಯಾಪಿ ಔಷಧಿ ಮಾತ್ರ ಬೀಜಕ್ಕೆ ಲೇಪಿಸಿದ್ದರೂ ಮಕರಂದ, ಪರಾಗಗಳಿಗೆ ಏರಿ ಬರುತ್ತದೆ. ಸೂರ್ಯಕಾಂತಿಯಲ್ಲಿ ಇದೇ ದೂರಿನ ಮೇಲೆ ಫ್ರಾನ್ಸ್ 1999ರಲ್ಲಿ ಇಮಿಡಾಕ್ಲೋಪ್ರಿಡ್ ಬೀಜಲೇಪನ ನಿಲ್ಲಿಸಿತು. 2018ರಲ್ಲಿ ಯುರೋಪಿಯನ್ ಒಕ್ಕೂಟ ಅದೂ ಸೇರಿ ನಿಯೋನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳನ್ನು ಬಯಲು ಬೆಳೆಗಳಿಗೆ ನಿಷೇಧಿಸಿತು.

ನಮ್ಮ ಸೂರ್ಯಕಾಂತಿಗೂ ಕಾಳು ಕಟ್ಟಲು ಜೇನು ಬೇಕು. ಬೀಜ, ಔಷಧಿ ಕೊಳ್ಳುವಾಗ ಅಂತರ್ವ್ಯಾಪಿಯೇ ಎಂದು ಕೇಳಿ ತಿಳಿದುಕೊಳ್ಳಿ, ಹೂ ಬಿಟ್ಟ ಬೆಳೆಗೆ ಅದನ್ನು ಹೊಡೆಯಬೇಡಿ.