ಗಿರಿರಾಜ ಕೋಳಿಮರಿಗೆ ಪುಕ್ಕ ಮೂಡುವ ಬಗೆ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಸಾಕಣೆ ಹೊಸದೇನಲ್ಲ. ಜವಾರಿ ಕೋಳಿಯ ಜೊತೆಗೆ ಗಿರಿರಾಜ ಮರಿಗಳನ್ನು ತಂದು ಸಾಕುವ ರೈತ ಕುಟುಂಬಗಳೂ ಇವೆ. ಆದರೆ ಮರಿಗಳಿಗೆ ಮೂರು ವಾರ ತುಂಬುವ ಹೊತ್ತಿಗೆ ಒಂದು ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ರೆಕ್ಕೆ ತುಂಬಿತು, ಇನ್ನು ಭಯವಿಲ್ಲ ಎಂದು ಕಾವು ಕೊಡುವುದನ್ನು ನಿಲ್ಲಿಸುತ್ತಾರೆ. ಅಂದು ರಾತ್ರಿ ಚಳಿ ಬಿದ್ದರೆ, ಬೆಳಗ್ಗೆ ಬಾಗಿಲು ತೆರೆದಾಗ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಇದಕ್ಕೆ ರೋಗ ಕಾರಣವಲ್ಲ. ಪುಕ್ಕ ಯಾವ ಕ್ರಮದಲ್ಲಿ ಮೂಡುತ್ತದೆ ಎಂಬುದು ತಿಳಿದಿದ್ದರೆ ಈ ನಷ್ಟವನ್ನು ತಪ್ಪಿಸಬಹುದು.

ಜವಾರಿ ಮರಿಗೂ ಗಿರಿರಾಜ ಮರಿಗೂ ವ್ಯತ್ಯಾಸ

ಗಿರಿರಾಜ ತಳಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕೋಳಿ ವಿಜ್ಞಾನ ವಿಭಾಗವು 1989ರಲ್ಲಿ ಬಿಡುಗಡೆ ಮಾಡಿತು. ಮೈಬಣ್ಣದಲ್ಲಿ ಜವಾರಿ ಕೋಳಿಯನ್ನು ಹೋಲುವ ಈ ಕೋಳಿ ತೂಕದಲ್ಲಿ ಅದಕ್ಕಿಂತ ಬಹಳ ಮುಂದು. ಒಳ್ಳೆಯ ಪೋಷಣೆಯಲ್ಲಿ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ.

ಜವಾರಿ ಮರಿ ಹುಟ್ಟಿದ ಎರಡನೆಯ ದಿನವೇ ಅಂಗಳದಲ್ಲಿ ಓಡಾಡುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಗಟ್ಟಿ ಮರಿ ಎಂಬ ಮಾತು ನಿಜ. ಆದರೆ ಆ ಮರಿ ಗಳಿಗೆಗೊಮ್ಮೆ ತಾಯಿಯ ರೆಕ್ಕೆಯ ಕೆಳಗೆ ಸೇರಿ ಮೈ ಕಾಯಿಸಿಕೊಳ್ಳುತ್ತದೆ, ರಾತ್ರಿಯೆಲ್ಲ ಅಲ್ಲಿಯೇ ಮಲಗುತ್ತದೆ. ಯಂತ್ರದಲ್ಲಿ ಒಡೆದು ಬಂದ ಗಿರಿರಾಜ ಮರಿಗೆ ತಾಯಿಯಿಲ್ಲ. ಅಲ್ಲದೆ ಭಾರವಾದ ಮೈಯ ತಳಿಗಳಲ್ಲಿ ಲೆಗ್‌ಹಾರ್ನ್‌ನಂಥ ಹಗುರ ತಳಿಗಳಿಗಿಂತ ಪುಕ್ಕ ನಿಧಾನವಾಗಿ ಮೂಡುತ್ತದೆ. ಮೈ ಬೇಗ ಬೆಳೆಯುತ್ತದೆ, ಹೊದಿಕೆ ಹಿಂದೆ ಬೀಳುತ್ತದೆ. ಮರಿ ದೊಡ್ಡದಾಗಿ ಕಾಣುವುದರಿಂದ ನೋಡುವವರು ಮೋಸಹೋಗುತ್ತಾರೆ.

ತುಪ್ಪಳದಿಂದ ಪುಕ್ಕದವರೆಗೆ

ಮರಿ ಹುಟ್ಟುವಾಗ ಅದರ ಮೈಮೇಲೆ ಇರುವುದು ಪುಕ್ಕವಲ್ಲ, ತುಪ್ಪಳ. ಒಣಗಿದ್ದಾಗ ಅದು ಸ್ವಲ್ಪಮಟ್ಟಿಗೆ ಬಿಸಿ ಹಿಡಿದಿಡುತ್ತದೆ. ತೊಯ್ದರೆ ಚರ್ಮಕ್ಕೆ ಅಂಟಿಕೊಂಡು ಯಾವ ಪ್ರಯೋಜನಕ್ಕೂ ಬಾರದು. ತುಪ್ಪಳ ಮೂಡಿದ ರಂಧ್ರದಿಂದಲೇ ಪುಕ್ಕವೂ ಹೊರಬಂದು ಹಳೆಯ ತುಪ್ಪಳವನ್ನು ತುದಿಯಲ್ಲಿ ಹೊತ್ತು ಮೇಲೇಳುತ್ತದೆ. ಹೊಸ ಪುಕ್ಕ ಮೊದಲಿಗೆ ಸಣ್ಣ ಕೊಳವೆಯೊಳಗೆ ಸುತ್ತಿಕೊಂಡಿರುತ್ತದೆ. ಆಗ ಅದರ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಪುಕ್ಕ ಬಲಿತಂತೆ ಕೊಳವೆ ಒಣಗಿ ಬಿಳಿಯ ಪುಡಿಯಾಗಿ ಉದುರುತ್ತದೆ. ಈ ಪುಡಿಯನ್ನು ಕಂಡು ಹೇನು ಬಿದ್ದಿದೆಯೆಂದು ಔಷಧಿ ಹಾಕುವ ಅಗತ್ಯವಿಲ್ಲ.

ಮೂಡುವ ಕ್ರಮ ಸಾಮಾನ್ಯವಾಗಿ ಹೀಗಿದೆ:

ಮೊದಲ ವಾರ: ರೆಕ್ಕೆಯ ಪುಕ್ಕಗಳು ಕಾಣುತ್ತವೆ. ಮೈಯೆಲ್ಲ ತುಪ್ಪಳವೇ.

ಎರಡನೆಯ ವಾರ: ರೆಕ್ಕೆ ಉದ್ದವಾಗುತ್ತದೆ. ಹೆಗಲ ಮೇಲೆ ಪುಕ್ಕ ಮೂಡುತ್ತದೆ. ಬಾಲದ ಪುಕ್ಕ ಕೆಲವು ಮರಿಗಳಲ್ಲಿ ಕಾಣುತ್ತದೆ, ಕೆಲವುಗಳಲ್ಲಿ ತಡವಾಗುತ್ತದೆ.

ಮೂರನೆಯ ವಾರ: ಎದೆಯ ಎರಡು ಬದಿಗೆ ಮತ್ತು ತೊಡೆಗೆ ಪುಕ್ಕ ಬರುತ್ತದೆ. ಬೆನ್ನು ಇನ್ನೂ ಬರಿದು.

ನಾಲ್ಕರಿಂದ ಆರನೆಯ ವಾರ: ಬೆನ್ನು, ಕತ್ತು, ಹೊಟ್ಟೆ ಮತ್ತು ಕೊನೆಗೆ ತಲೆ ಮುಚ್ಚುತ್ತವೆ.

ಹುಂಜಮರಿಗಳ ಬೆನ್ನು ಹೇಂಟೆಮರಿಗಳದ್ದಕ್ಕಿಂತ ತಡವಾಗಿ ಮುಚ್ಚುವುದುಂಟು. ಒಂದೇ ಗುಂಪಿನಲ್ಲಿ ಕೆಲವು ಮರಿಗಳು ಮುಂದು, ಕೆಲವು ಹಿಂದು ಇರುವುದು ಸಹಜ.

ಏಳೆಂಟು ವಾರದ ಹೊತ್ತಿಗೆ ಈ ಮೊದಲ ಪುಕ್ಕವೂ ಉದುರಲು ತೊಡಗಿ ಬೇರೆ ಪುಕ್ಕ ಬರುತ್ತದೆ. ಮರಿ ಚುರುಕಾಗಿದ್ದು ಮೇವು ತಿನ್ನುತ್ತಿದ್ದರೆ ನೆಲದ ಮೇಲೆ ಬಿದ್ದ ಪುಕ್ಕ ಕಂಡು ಗಾಬರಿಪಡಬೇಕಿಲ್ಲ.

ಕಾವು ನಿಲ್ಲಿಸುವುದು ಯಾವಾಗ?

ರೆಕ್ಕೆ ನೋಡಿ ಕಾವು ತೆಗೆಯಬಾರದು, ಬೆನ್ನು ನೋಡಿ ತೆಗೆಯಬೇಕು. ಐದಾರು ಮರಿಗಳನ್ನು ಕೈಯಲ್ಲಿ ಹಿಡಿದು ಎರಡು ರೆಕ್ಕೆಗಳ ನಡುವಿನ ಬೆನ್ನನ್ನು, ಬಾಲದ ಬುಡವನ್ನು ಪರೀಕ್ಷಿಸಬೇಕು. ಚರ್ಮ ಕಾಣಿಸಿದರೆ ಅಥವಾ ತುಪ್ಪಳ ಮಾತ್ರ ಇದ್ದರೆ ರಾತ್ರಿಯ ಕಾವು ಮುಂದುವರಿಸಬೇಕು.

ಮೊದಲ ವಾರ ಮರಿಯ ಎತ್ತರದಲ್ಲಿ ಸುಮಾರು 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಇರಬೇಕು. ಮುಂದೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಉಷ್ಣತಾಮಾಪಕ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ದೀಪದ ಕೆಳಗೆ ಒತ್ತೊತ್ತಾಗಿ ಸೇರಿ ಚೀರುತ್ತಿದ್ದರೆ ಕಾವು ಸಾಲದು. ದೂರ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಾವು ಹೆಚ್ಚು. ಎಲ್ಲ ಕಡೆ ಹರಡಿ ಮಲಗಿದ್ದರೆ ಸರಿಯಾಗಿದೆ.

ಈ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ. ಆಗ ಹಗಲಲ್ಲಿ ದೀಪ ಉರಿಸುವುದು ಹಾನಿಕರ. ಅತಿಯಾದ ಕಾವಿನಿಂದ ಪುಕ್ಕ ಮೂಡುವುದೇ ನಿಧಾನವಾಗುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಮಾತ್ರ ಐದನೆಯ ವಾರದವರೆಗೂ ಕಾವು ಬೇಕಾಗಬಹುದು. ಕರೆಂಟು ಹೋಗುವ ಊರುಗಳಲ್ಲಿ ಇದ್ದಿಲ ಕೆಂಡವನ್ನು ಮಣ್ಣಿನ ಮಡಕೆಯಲ್ಲಿಟ್ಟು, ಮರಿ ತಾಗದಂತೆ ಸುತ್ತ ತಡೆ ಕಟ್ಟಬೇಕು. ಕೆಂಡದ ಹೊಗೆ ಹೊರಹೋಗಲು ಮೇಲುಗಡೆ ಗಾಳಿಕಿಂಡಿ ಇರಲೇಬೇಕು. ಕಾವಿಗೆ ಕೂತ ಜವಾರಿ ಹೇಂಟೆ ಮನೆಯಲ್ಲಿದ್ದರೆ ರಾತ್ರಿ ಹೊತ್ತು ಹತ್ತು-ಹನ್ನೆರಡು ಎಳೆಮರಿಗಳನ್ನು ಅದರ ಕೆಳಗೆ ಸೇರಿಸಿ ನೋಡಬಹುದು.

ಪುಕ್ಕಕ್ಕೆ ಬೇಕಾದ ಆಹಾರ

ಒಣಗಿದ ಪುಕ್ಕದ ನೂರು ಭಾಗದಲ್ಲಿ 85ರಿಂದ 90 ಭಾಗ ಸಸಾರಜನಕ, ಅಂದರೆ ಪ್ರೋಟೀನು. ಅದರಲ್ಲಿ ಗಂಧಕವುಳ್ಳ ಅಂಶ ಹೆಚ್ಚು. ಇದಕ್ಕೆ ಮೇವಿನಲ್ಲಿ ಮಿಥಿಯೋನಿನ್ ಬೇಕು. ಬರೀ ಜೋಳದ ನುಚ್ಚು ಹಾಕಿ ಬೆಳೆಸಿದ ಮರಿಗೆ ಪುಕ್ಕ ವಿರಳವಾಗಿ, ಒರಟಾಗಿ ಬರುತ್ತದೆ. ಜೋಳಕ್ಕೆ ಶೇಂಗಾ ಹಿಂಡಿ ಬೆರೆಸಿದರೆ ಸಸಾರಜನಕ ಹೆಚ್ಚುತ್ತದೆ, ಆದರೆ ಮಿಥಿಯೋನಿನ್ ಕೊರತೆ ಪೂರ್ತಿ ನೀಗುವುದಿಲ್ಲ. ಸ್ವಲ್ಪ ಎಳ್ಳಿನ ಹಿಂಡಿ ಅಥವಾ ಒಣಮೀನಿನ ಪುಡಿ ಸೇರಿಸುವುದು ಒಳ್ಳೆಯದು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಕೊಡಬಾರದು. ಮೊದಲ ಆರು ವಾರ ಸುಮಾರು 20 ಭಾಗ ಸಸಾರಜನಕವಿರುವ ಮರಿ ಆಹಾರವನ್ನೇ ಕೊಡುವುದು ಎಲ್ಲಕ್ಕಿಂತ ಉತ್ತಮ.

ಕುಕ್ಕುವ ಚಟ

ಎಳೆಯ ಪುಕ್ಕ ಮುರಿದರೆ ರಕ್ತ ಬರುತ್ತದೆ. ರಕ್ತ ಕಂಡ ಮರಿಗಳು ಅಲ್ಲಿಯೇ ಕುಕ್ಕುತ್ತವೆ. ಇಕ್ಕಟ್ಟು, ಅತಿ ಬೆಳಕು, ಅತಿ ಕಾವು, ಮೇವಿನ ಕೊರತೆ ಇದಕ್ಕೆ ಕಾರಣ. ಮರಿಯೊಂದಕ್ಕೆ ಮೊದಲ ನಾಲ್ಕು ವಾರ ಅರ್ಧ ಚದರ ಅಡಿ, ಆಮೇಲೆ ಒಂದು ಚದರ ಅಡಿ ಜಾಗ ಇರಲಿ. ಗಾಯಗೊಂಡ ಮರಿಯನ್ನು ಕೂಡಲೇ ಬೇರ್ಪಡಿಸಿ ಗಾಯಕ್ಕೆ ಬೇವಿನ ಎಣ್ಣೆ ಹಚ್ಚಬೇಕು. ನುಗ್ಗೆಸೊಪ್ಪಿನ ಕಟ್ಟನ್ನು ತೂಗುಹಾಕಿದರೆ ಮರಿಗಳ ಗಮನ ಅತ್ತ ಹೋಗುತ್ತದೆ. ನೆಲಕ್ಕೆ ಎರಡು ಅಂಗುಲ ದಪ್ಪ ಭತ್ತದ ಹೊಟ್ಟು ಹರಡಿ ಅದು ತೊಯ್ಯದಂತೆ ನೋಡಿಕೊಳ್ಳಬೇಕು. ಕಾಲುವೆ ನೀರಾವರಿಯಿರುವ ಶಹಾಪುರ, ಸುರಪುರ ಭಾಗದಲ್ಲಿ ಭತ್ತದ ಹೊಟ್ಟಿಗೆ ಕೊರತೆಯಿಲ್ಲ.

ಕಾವು ಕೊಡುವ ಅನುಕೂಲವಿಲ್ಲದವರು ಒಂದು ದಿನದ ಮರಿಯನ್ನು ಕೊಳ್ಳದಿರುವುದೇ ಲೇಸು. ಬೆಲೆ ಹೆಚ್ಚಾದರೂ ಐದಾರು ವಾರದ, ಬೆನ್ನು ಮುಚ್ಚಿದ ಮರಿಗಳನ್ನೇ ಕೊಳ್ಳಬೇಕು. ಹೆಚ್ಚಿನ ಮಾಹಿತಿಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಸಮೀಪದ ಪಶು ಆಸ್ಪತ್ರೆಯನ್ನಾಗಲಿ ಸಂಪರ್ಕಿಸಬಹುದು. ತಾಯಿಯಿಲ್ಲದ ಮರಿಗೆ ಬೆನ್ನು ಮುಚ್ಚುವವರೆಗೆ ಸಾಕುವವರೇ ತಾಯಿ ಎಂಬುದನ್ನು ರೈತಬಾಂಧವರು ಮರೆಯಬಾರದು.