ದೋಣಿ ಸ್ಪರ್ಧೆಯ ತೀರವೂ ವಾಣಿವಿಲಾಸದ ಕೋಡಿಯೂ

ಗತಕಾಲದಲ್ಲಿ ನದೀತೀರದ ದೋಣಿ ಸ್ಪರ್ಧೆಗಳು ಪಡೆದಿದ್ದ ಜನಪ್ರಿಯತೆಯ ಹಿಂದೆ ಕ್ರೀಡಾಸಕ್ತಿಯೊಡನೆ ವ್ಯಾಪಾರದೃಷ್ಟಿಯೂ ಇತ್ತು. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದ ಹೆನ್ಲಿ ಪಟ್ಟಣದಲ್ಲಿ 1829ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ದೋಣಿಗಳು ಸ್ಪರ್ಧಿಸಿದಾಗ ಅಪಾರ ಜನ ನೆರೆದರು. ಇದನ್ನು ಮನಗಂಡ ಪುರಪ್ರಮುಖರು 1839ರಲ್ಲಿ ಸಭೆ ಸೇರಿ, ಊರಿಗೆ ಪ್ರಯೋಜನವಾಗಲೆಂದೇ ‘ರೆಗಟ್ಟಾ’ವನ್ನು ಆರಂಭಿಸಿದರು. ಅದು ಇಂದಿಗೂ ನಡೆಯುತ್ತಿದೆ.

ನಮ್ಮ ಜಿಲ್ಲೆಯ ಸ್ಥಿತಿ ಬೇರೆ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಹರಿಯುವ ವೇದಾವತಿಯು ಮಳೆಯನ್ನೇ ನಂಬಿದ ನದಿ. ಅದಕ್ಕೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರಲ್ಲಿ, ತರುವಾಯ 2025ರಲ್ಲಿಯೂ. ಆಗ ಆ ನೋಟ ಸವಿಯಲು ಜನಸಾಗರವೇ ಹರಿದುಬಂದಿತು.

ಹೆನ್ಲಿಯ ವರ್ತಕನಿಗೆ ನಿಗದಿತ ದಿನವಿತ್ತು. ನಮ್ಮ ವರ್ತಕನಿಗೆ ಮಳೆಯೇ ಪಂಚಾಂಗ. ಆದುದರಿಂದ ಹಿರಿಯೂರು, ಹೊಸದುರ್ಗಗಳಲ್ಲಾಗಲಿ, ಚಿತ್ರದುರ್ಗ, ಹೊಳಲ್ಕೆರೆಗಳಲ್ಲಾಗಲಿ, ಕೋಡಿಯ ದಿನಗಳ ಗಳಿಕೆಯನ್ನು ಆಕಸ್ಮಿಕ ವರಮಾನವೆಂದು ಬಗೆಯಬೇಕು. ಪ್ರತಿವರ್ಷವೂ ಅದು ಬಂದೀತೆಂದು ನಂಬಿ, ಸಾಲ ತಂದು ದಾಸ್ತಾನು ತುಂಬುವುದು ವಿವೇಕವಲ್ಲ.